ಹುಡುಕುವುದಕ್ಕೆ ಯಾರನ್ನೂ ಕೇಳಬೇಕಿಲ್ಲವೆ?

ಚಳಿಗಾಲ ಬಂತೆಂದರೆ ಕುಂದಾಪುರ, ಹೊನ್ನಾವರ, ಕಾರವಾರದ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯ್ತಾರೆ, ಊರ ಹುಡುಗರು ನಾಯಿ ಓಡಿಸ್ತಾರೆ. ಮರಿಗಳನ್ನು ನೀರಿಗೆ ಬಿಡುವ ದಿನ ಫೋಟೋಕ್ಕೆ ದೊಡ್ಡವರೂ ಹಾಜರ್! ಒಳ್ಳೆಯ ಕೆಲಸ, ಬೇಡ ಅನ್ನುವವರಾರು?

ಆದರೆ ನೀರಿಗಿಳಿದ ಮೇಲೆ ಆ ಮರಿಯ ಗತಿ ಏನು ಸ್ವಾಮಿ?

ಎಣ್ಣೆ, ಗ್ಯಾಸ್ ಹುಡುಕುವವರ ಭೂಪಟದಲ್ಲಿ ‘ಕೇರಳ–ಕೊಂಕಣ ಬೇಸಿನ್’ ಅಂತ ಒಂದುಂಟು. ನಮ್ಮೆದುರಿನ ಕಡಲೂ ಅದರೊಳಗೇ. ಇವತ್ತು ಇಲ್ಲಿ ಎಣ್ಣೆ ತೆಗೆಯುವ ಬಾವಿ ಇಲ್ಲ, ನಿಜ. ನಾಳೆ ಹುಡುಕಲು ಬಂದರೆ ನಮ್ಮನ್ನು ಕೇಳ್ತಾರೆಯೆ? ಕೇಳಬೇಕಾಗಿಯೇ ಇಲ್ಲ! 2020ರ ಜನವರಿಯಲ್ಲಿ ಕೇಂದ್ರ ಪರಿಸರ ಇಲಾಖೆ ಈ ಹುಡುಕಾಟವನ್ನು ‘ಎ’ ವರ್ಗದಿಂದ ‘ಬಿ–2’ಕ್ಕೆ ಇಳಿಸಿಬಿಟ್ಟಿತು. ಅಂದರೆ ಪರಿಸರ ಪರಿಣಾಮದ ಪೂರ್ಣ ಅಧ್ಯಯನವೂ ಬೇಡ, ಸಾರ್ವಜನಿಕರ ಅಹವಾಲು ಸಭೆಯೂ ಬೇಡ. ಅದೆಲ್ಲ ಎಣ್ಣೆ ಸಿಕ್ಕಿ ತೆಗೆಯುವಾಗ ಮಾತ್ರ.

ಬರೇ ಹುಡುಕುವುದು ತಾನೇ ಅನ್ನಬೇಡಿ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಸಿಡಿದದ್ದೂ ಹುಡುಕಾಟದ ಬಾವಿಯೇ. 11 ಕಾರ್ಮಿಕರು ಸತ್ತರು. 87 ದಿನ ಎಣ್ಣೆ ಉಕ್ಕಿತು. ಆ ಕೊಲ್ಲಿಯ ರೈಸ್ ತಿಮಿಂಗಿಲಗಳಲ್ಲಿ ಐದರಲ್ಲೊಂದು ಪಾಲು ಅದರಿಂದಲೇ ಕಡಿಮೆಯಾಯಿತೆಂದು ಅಂದಾಜು. ಈಗ ಉಳಿದಿರುವುದು ಸುಮಾರು 50.

ಬಾವಿಗೆ ಮುಂಚೆಯೇ ಉಪದ್ರ ಶುರು. ಸರ್ವೆ ಹಡಗು ಗಾಳಿ ಬಂದೂಕುಗಳನ್ನು ಎಳೆದುಕೊಂಡು, ಕೆಲವೇ ಸೆಕೆಂಡಿಗೊಮ್ಮೆ ‘ಢಂ’ ಅನ್ನಿಸುತ್ತ, ಹಗಲೂ ರಾತ್ರಿ ವಾರಗಟ್ಟಲೆ ತಿರುಗುತ್ತದೆ. ನಮ್ಮ ಕರಾವಳಿಯ ಹಂಪ್‌ಬ್ಯಾಕ್ ಡಾಲ್ಫಿನ್ ಅಳಿವಿನಂಚಿನ ಪ್ರಾಣಿ. ಅದು ದಾರಿ ಕಾಣುವುದೂ ಮೀನು ಹಿಡಿಯುವುದೂ ಶಬ್ದದಿಂದ. ಆಮೆಯಂತೂ ಉಸಿರಿಗೆ ಮೇಲೆ ಬರಲೇಬೇಕು. ಮೇಲೆ ಎಣ್ಣೆ ಹರಡಿದ್ದರೆ ಅದನ್ನೇ ಕುಡೀಬೇಕು.

ಮೀನುಗಾರನಿಗೆ ಮಳೆಗಾಲದಲ್ಲಿ 61 ದಿನ ರಜೆ. ಆಮೆ ಕೊಂದರೆ 1972ರ ಕಾಯಿದೆಯಲ್ಲಿ ಜೈಲು. ಎರಡೂ ಸರಿಯೇ. ಬಡವನಿಗೆ ಇಷ್ಟು ಕಟ್ಟು, ಕಂಪನಿಗೆ ಬಿಟ್ಟಿ ಬಾಗಿಲು. ಇದು ಯಾವ ಸೀಮೆಯ ನ್ಯಾಯ?

ಎಣ್ಣೆಯೇ ಬೇಡ ಅಂತ ನಾವು ಹೇಳುವುದಿಲ್ಲ. ದೋಣಿಗೂ ಡೀಸೆಲ್ ಬೇಕು. ಆದರೆ ಹುಡುಕುವ ಮುಂಚೆಯೇ ಅಧ್ಯಯನ ಆಗಲಿ, ವರದಿ ಕನ್ನಡದಲ್ಲಿ ಬರಲಿ, ಸಭೆ ಬಂದರಿನಲ್ಲಿ ನಡೆಯಲಿ. ಆಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಸರ್ವೆ ಬಂದ್ ಇರಲಿ. ಕರಾವಳಿಯ ಸಂಸದರು 2020ರ ಆ ತಿದ್ದುಪಡಿ ರದ್ದು ಮಾಡಿ ಅಂತ ದೆಹಲಿಯಲ್ಲಿ ಬಾಯಿ ಬಿಡಲಿ.

ಮರಿ ಬಿಡುವ ಫೋಟೋಕ್ಕೆ ನಿಂತವರು ಈ ಮಾತಿಗೂ ಒಂದು ಸಲ ನಿಂತು ತೋರಿಸಲಿ.