ಕಣ್ಣಿಗೆ ಕಾಣುವವರು ಮೊಬೈಲಿಗೆ ಕಾಣುವುದಿಲ್ಲ

ಕಳೆದ ಬೇಸಿಗೆಯಲ್ಲಿ ತಿಕೋಟಾ ತಾಲ್ಲೂಕಿನ ಒಂದು ಊರಿಗೆ ಕೆರೆ ಹೂಳೆತ್ತುವ ಕೆಲಸ ನೋಡಲು ಹೋಗಿದ್ದೆವು. ಬೆಳಗಿನ ಏಳು ಗಂಟೆ. ಮೂವತ್ತಕ್ಕೂ ಹೆಚ್ಚು ಜನ, ಅವರಲ್ಲಿ ಹೆಂಗಸರೇ ಜಾಸ್ತಿ. ಸಲಿಕೆ, ಬುಟ್ಟಿ ನೆಲಕ್ಕಿಟ್ಟು ಸಾಲಾಗಿ ನಿಂತಿದ್ದರು. ಕೆಲಸ ಶುರುವಾಗಿರಲಿಲ್ಲ. ಕಾಯಕಬಂಧು ಹೆಣ್ಣುಮಗಳು ಮೊಬೈಲ್ ಮೇಲೆತ್ತಿ ಹಿಡಿದು ಏರಿಯ ಮೇಲೆ ಅತ್ತಿಂದಿತ್ತ ತಿರುಗಾಡುತ್ತಿದ್ದಳು.

‘ಏನಾಗ್ಯಾದ ಯವ್ವಾ?’ ಎಂದು ಸಾಲಿನಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆವು.

‘ನೆಟ್ ಬರವಲ್ದು ತಮ್ಮಾ. ಫೋಟೋ ಹೋಗಲಿಲ್ಲಂದ್ರ ಇವತ್ತಿನ ಹಾಜರಿ ಇಲ್ಲ. ನಾವ್ ಇಲ್ಲೇ ನಿಂತೀವಿ, ನಿನ್ನ ಕಣ್ಣಿಗೆ ಕಾಣ್ತೀವಿ. ಮೊಬೈಲಿಗೆ ಕಾಣಂಗಿಲ್ಲ ನೋಡು.’

ಅವತ್ತು ಊರಿಗೆ ಮರಳಿದ ಮೇಲೆ ನಾವು ತುಂಬ ಹೊತ್ತು ವಾದ ಮಾಡಿದೆವು. ಇದು ಒಂದು ಊರಿನ ಟವರ್ ಸಮಸ್ಯೆಯೋ, ಅಥವಾ ಸರ್ಕಾರ ಬಡವರನ್ನು ನೋಡುವ ಕಣ್ಣಿನ ಸಮಸ್ಯೆಯೋ? ನಮ್ಮ ಉತ್ತರ ಎರಡನೆಯದು. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲು ನಿಯಮ ಏನೆಂದು ನೋಡೋಣ. ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ಎನ್‌ಎಂಎಂಎಸ್ ಎಂಬ ಆ್ಯಪ್‌ನಲ್ಲಿ ಹಾಕುವ ಪದ್ಧತಿ 2021ರಲ್ಲಿ ಬಂತು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿ ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೂ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ, ಜೊತೆಗೆ ಜಾಗದ ಗುರುತು. 2024ರ ಜನವರಿಯಿಂದ ಕೂಲಿ ಬರುವುದೂ ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ. ಒಂದು ದಿನದ ಕೂಲಿ 2025–26ರಲ್ಲಿ ಕರ್ನಾಟಕದಲ್ಲಿ 370 ರೂಪಾಯಿ. ಆ 370 ರೂಪಾಯಿಗೆ ಮಣ್ಣು ಅಗೆದರೆ ಸಾಲದು, ಅಗೆದದ್ದನ್ನು ಯಂತ್ರ ಒಪ್ಪಬೇಕು.

ನೆಟ್‌ವರ್ಕ್ ಇಲ್ಲದಿದ್ದರೆ ಫೋಟೋ ತೆಗೆದಿಟ್ಟು ಆಮೇಲೆ ಕಳಿಸಬಹುದಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಕಾಗದದ ಮೇಲೆ ಆ ಅವಕಾಶ ಇದೆ, ನಿಜ. ಆ್ಯಪ್ ಪೂರ್ತಿ ಕೈಕೊಟ್ಟರೆ ಜಿಲ್ಲಾ ಮಟ್ಟದ ಅಧಿಕಾರಿ ಕೈಬರಹದ ಹಾಜರಿಗೆ ಒಪ್ಪಿಗೆ ಕೊಡಬಹುದು ಎಂಬುದೂ ಇದೆ. ಆದರೆ ಆ ಒಪ್ಪಿಗೆ ತರುವವರು ಯಾರು? ತಿಕೋಟಾದಿಂದ ಅಥಣಿ ರಸ್ತೆ ಹಿಡಿದು, ಬಬಲೇಶ್ವರದಿಂದ ಜಮಖಂಡಿ ರಸ್ತೆ ಹಿಡಿದು ವಿಜಯಪುರಕ್ಕೆ ಬರಬೇಕು. ಶಕ್ತಿ ಯೋಜನೆಯಿಂದಾಗಿ ಹೆಂಗಸರಿಗೆ ಬಸ್ಸಿನ ಟಿಕೆಟ್ ಉಳಿಯುತ್ತದೆ. ದಿನ ಉಳಿಯುವುದಿಲ್ಲ. ಒಂದು ದಿನದ ಹಾಜರಿ ಸರಿಪಡಿಸಲು ಇನ್ನೊಂದು ದಿನದ ಕೂಲಿ ಬಿಟ್ಟು ಬರುವಷ್ಟು ಲೆಕ್ಕ ಗೊತ್ತಿಲ್ಲದವರು ನಮ್ಮ ಅವ್ವಂದಿರಲ್ಲ. ಅವರು ಬರುವುದಿಲ್ಲ. ದೂರು ಬಾರದಿದ್ದರೆ ಕಚೇರಿಯ ದಾಖಲೆಯಲ್ಲಿ ಸಮಸ್ಯೆಯೇ ಇಲ್ಲ.

ಗಾಂಧಿ ಚೌಕದ ಚಹಾದಂಗಡಿಯಲ್ಲಿ ಈ ಮಾತು ತೆಗೆದಾಗ ಗೆಳೆಯನೊಬ್ಬ, ‘ಅಮೆರಿಕದಾಗ ಹಿಂಗ ಆಗ್ತದೇನು? ಅಲ್ಲಿ ಎಲ್ಲಾ ಸಿಸ್ಟಮ್ ಪ್ರಕಾರ’ ಅಂದ. ಹಾಗಾದರೆ ಅಮೆರಿಕಕ್ಕೇ ಹೋಗಿ ಬರೋಣ.

ಅಲ್ಲಿ ಅರ್ಕನ್ಸಾ ಎಂಬ ರಾಜ್ಯ ಇದೆ. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಗೆ ಮೆಡಿಕೇಡ್ ಎಂದು ಹೆಸರು. 2018ರ ಜೂನ್‌ನಲ್ಲಿ ಅರ್ಕನ್ಸಾ ಒಂದು ಷರತ್ತು ಹಾಕಿತು: ವಿಮೆ ಬೇಕಾದರೆ ತಿಂಗಳಿಗೆ 80 ಗಂಟೆ ದುಡಿದದ್ದನ್ನು ತೋರಿಸಬೇಕು. ತೋರಿಸುವುದು ಹೇಗೆ? ಆರಂಭದಲ್ಲಿ ಆನ್‌ಲೈನ್‌ನಲ್ಲಿ ಮಾತ್ರ. ಆ ಜಾಲತಾಣವೂ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ್. ಹಗಲೆಲ್ಲ ದುಡಿದು ರಾತ್ರಿ ಮನೆಗೆ ಬಂದವನಿಗೆ, ತಾನು ದುಡಿದೆ ಎಂದು ಹೇಳಲು ಬಾಗಿಲೇ ಇಲ್ಲ. ಕೆಲವೇ ತಿಂಗಳಲ್ಲಿ ಸುಮಾರು 18,000 ಮಂದಿ ವಿಮೆ ಕಳೆದುಕೊಂಡರು.

ಅವರೆಲ್ಲ ಸೋಮಾರಿಗಳೇ? ಹಾರ್ವರ್ಡ್‌ನ ಸಂಶೋಧಕರು ಹೋಗಿ ಕೇಳಿದರು. ಷರತ್ತಿಗೆ ಒಳಪಟ್ಟವರಲ್ಲಿ ಶೇ 95ಕ್ಕೂ ಹೆಚ್ಚು ಜನ ಆಗಲೇ ಷರತ್ತು ಪೂರೈಸುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು. ಷರತ್ತಿನಿಂದ ದುಡಿಯುವವರ ಸಂಖ್ಯೆ ಹೆಚ್ಚಿದ್ದು ಕಾಣಲಿಲ್ಲ, ವಿಮೆ ಇಲ್ಲದವರ ಸಂಖ್ಯೆ ಹೆಚ್ಚಿತು. 2019ರ ಮಾರ್ಚ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಅದನ್ನು ನಿಲ್ಲಿಸಿತು.

ಪಾಠ ಕಲಿತರೇ? ಇಲ್ಲ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಮಸೂದೆ ಅದೇ 80 ಗಂಟೆಯ ಷರತ್ತನ್ನು ದೇಶದ ಮಟ್ಟಕ್ಕೆ ಒಯ್ದಿದೆ. 2027ರ ಜನವರಿಯೊಳಗೆ ರಾಜ್ಯಗಳು ಜಾರಿ ಮಾಡಬೇಕು. ಆ ಮಸೂದೆಯ ಎಲ್ಲ ಅಂಶಗಳಿಂದ ಸೇರಿ 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ವಿಮೆ ಇಲ್ಲದವರ ಸಾಲಿಗೆ ಸೇರುತ್ತಾರೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜು ಮಾಡಿದೆ. ಇದರ ಪರ ಇರುವವರ ಮಾತು ನಮಗೆ ಹೊಸದಲ್ಲ: ಸುಳ್ಳು ಫಲಾನುಭವಿಗಳನ್ನು ಹೊರಹಾಕುತ್ತೇವೆ, ದುಡಿಯುವವರಿಗೆ ತೊಂದರೆ ಇಲ್ಲ.

ಅರ್ಕನ್ಸಾದ ದುಡಿಮೆಗಾರ, ತಿಕೋಟಾದ ಕೆರೆ ಏರಿಯ ಮೇಲಿನ ಯವ್ವ, ಇಬ್ಬರ ಕಥೆಯೂ ಒಂದೇ. ದುಡಿಮೆ ಸಮಸ್ಯೆಯಲ್ಲ, ದುಡಿದದ್ದಕ್ಕೆ ಸಾಕ್ಷಿ ಕೊಡುವುದು ಸಮಸ್ಯೆ. ಶ್ರೀಮಂತ ದೇಶದಲ್ಲೂ, ಒಳ್ಳೆಯ ಇಂಟರ್‌ನೆಟ್ ಇರುವಲ್ಲೂ ಇದೇ ಆಯಿತೆಂದರೆ, ತಪ್ಪು ಟವರಿನದ್ದಲ್ಲ. ಸಾಕ್ಷಿಯ ಹೊರೆಯನ್ನು ಪೂರ್ತಿ ಬಡವರ ತಲೆಗೆ ಹೊರಿಸಿದ್ದೇ ತಪ್ಪು.

ಈಗ ಎದುರು ವಾದಕ್ಕೆ ಬರೋಣ. ಅದನ್ನು ತಪ್ಪಿಸಿ ಹೋಗುವುದಿಲ್ಲ. ಖಾತ್ರಿ ಕೆಲಸದಲ್ಲಿ ಕಳ್ಳತನ ಇಲ್ಲವೇ? ಇದೆ. ನಾವು ಹಳ್ಳಿಯಲ್ಲೇ ಬೆಳೆದವರು. ರಾತ್ರಿ ಜೆಸಿಬಿ ಹಚ್ಚಿ ಬೆಳಿಗ್ಗೆ ಕೂಲಿಕಾರರ ಹೆಸರಿನಲ್ಲಿ ಬಿಲ್ ಎತ್ತಿದ ಕಥೆ ಕೇಳದ ಊರೇ ಇಲ್ಲ. ಊರಲ್ಲೇ ಇಲ್ಲದವರ ಹೆಸರು ಎನ್‌ಎಂಆರ್‌ನಲ್ಲಿ ಬಂದದ್ದೂ ಗೊತ್ತು. ಆದರೆ ಆ್ಯಪ್ ಆ ಕಳ್ಳರನ್ನು ಹಿಡಿಯಿತೇ? ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2025ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯನ್ನೇ ಓದಿ. ಕೆಲಸಕ್ಕೆ ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆಯುತ್ತಿದ್ದಾರೆ, ಹಾಜರಿಯಲ್ಲಿರುವ ತಲೆಗೂ ಫೋಟೋದ ತಲೆಗೂ ಲೆಕ್ಕ ಹೊಂದುತ್ತಿಲ್ಲ ಎಂದು ಅವರೇ ಬರೆದಿದ್ದಾರೆ. ಕೊನೆಗೆ ಸೂಚಿಸಿದ ಪರಿಹಾರ ಏನು? ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪ್ರತಿ ಫೋಟೋವನ್ನೂ ಮನುಷ್ಯರು ಕೂತು ನೋಡಬೇಕು! ಮನುಷ್ಯರನ್ನು ನಂಬಲಾಗದು ಎಂದು ಯಂತ್ರ ತಂದರು, ಯಂತ್ರವನ್ನು ನಂಬಲಾಗದು ಎಂದು ಮನುಷ್ಯರನ್ನು ಕೂರಿಸಿದರು. ಕಳ್ಳನಿಗೆ ಫೋಟೋದ ಫೋಟೋ ತೆಗೆಯುವ ದಾರಿ ಗೊತ್ತಿತ್ತು. ಸಿಕ್ಕಿಬಿದ್ದವರು ನೆಟ್ ಸಿಗದೆ ಏರಿಯ ಮೇಲೆ ನಿಂತವರು. ಇಲಿ ಓಡಿಸಲು ಮನೆಗೆ ಬೆಂಕಿ ಇಟ್ಟಂತಾಯಿತು, ಇಲಿ ಮಾತ್ರ ಹೊಲಕ್ಕೆ ಹಾರಿತು.

ಇನ್ನೊಂದು ಪ್ರಶ್ನೆ. ನಿಗಾ ಒಂದೇ ಕಡೆಗೆ ಏಕೆ? ಉದ್ಯೋಗ ಖಾತ್ರಿ ಕಾಯ್ದೆಯ ಪ್ರಕಾರ 15 ದಿನದೊಳಗೆ ಕೂಲಿ ಕೊಡಬೇಕು. ತಡವಾದರೆ ದಿನಕ್ಕೆ ಶೇ 0.05ರಂತೆ ಪರಿಹಾರ ಕೊಡಬೇಕು. ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಈ ಮೂರು ಮಾತನ್ನು ಮೀರಿದ ಕಚೇರಿಯ ಫೋಟೋವನ್ನು ದಿನಕ್ಕೆರಡು ಸಲ ತೆಗೆಯುವ ಆ್ಯಪ್ ಎಲ್ಲಿದೆ? ಕೂಲಿಕಾರಳು ಒಂದು ಗಂಟೆ ತಡವಾದರೆ ಹಾಜರಿ ಹೋಗುತ್ತದೆ. ಸರ್ಕಾರ ಎರಡು ತಿಂಗಳು ತಡವಾದರೆ ಅದಕ್ಕೆ ‘ತಾಂತ್ರಿಕ ಕಾರಣ’ ಎಂದು ಹೆಸರು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಪತ್ರಿಕೋದ್ಯಮ ಓದಿ ಮೊದಲ ಸಲ ವರದಿ ಬರೆಯಲು ಕೂತಾಗ, ‘ಪಾರದರ್ಶಕತೆಗೆ ಡಿಜಿಟಲ್ ಹಾಜರಿ’ ಎಂಬ ಪತ್ರಿಕಾ ಪ್ರಕಟಣೆಯನ್ನು ಹಾಗೇ ಇಳಿಸಿದವರು ನಾವೂ ಹೌದು. ನಮ್ಮಲ್ಲಿ ಕೆಲವರ ಅವ್ವಂದಿರು ಅದೇ ವಾರ ಬದು ಹಾಕುವ ಕೆಲಸಕ್ಕೆ ಹೋಗಿ ಒಂದು ದಿನದ ಹಾಜರಿ ಕಳೆದುಕೊಂಡಿದ್ದರು. ಪ್ರಕಟಣೆ ಸುದ್ದಿಯಾಯಿತು, ಅವ್ವ ಸುದ್ದಿಯಾಗಲಿಲ್ಲ.

ಇದನ್ನು ಈಗ ಬರೆಯಲು ಕಾರಣ ಇದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ‘ವಿಬಿ–ಜಿ ರಾಮ್ ಜಿ’ ಎಂಬ ಹೊಸ ಕಾಯ್ದೆ ಒಪ್ಪಿತು. 100 ದಿನ 125 ಆಗುತ್ತದೆ ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಬೀಳದ ಮಾತುಗಳೂ ಇವೆ. ಮೊದಲು ಕೂಲಿಯ ಹಣ ಪೂರ್ತಿ ಕೇಂದ್ರದ್ದಾಗಿತ್ತು. ಇನ್ನು ಕರ್ನಾಟಕದಂಥ ರಾಜ್ಯಗಳು ಶೇ 40 ಭರಿಸಬೇಕು. ಬಿತ್ತನೆ, ಸುಗ್ಗಿಯ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಬಹುದು. ಆ 60 ದಿನ ಯಾವುವು ಎಂದು ತೀರ್ಮಾನಿಸುವವರು ಕೂಲಿಕಾರರಲ್ಲ. ದ್ರಾಕ್ಷಿ ಪಡದಲ್ಲಿ, ಬಿಳಿಜೋಳದ ಹೊಲದಲ್ಲಿ ‘ಇಷ್ಟು ಕೂಲಿ ಕೊಟ್ಟರೆ ಬರ್ತೀವಿ’ ಎಂದು ಹೇಳಲು ಅವರಿಗಿದ್ದ ಬಲವೇ ಖಾತ್ರಿ ಕೆಲಸ. ಆ ಬಲ ಬೇಕಾದ ಹೊತ್ತಿಗೇ ಅದಕ್ಕೆ ಬೀಗ. ಇದರ ಜೊತೆಗೆ ಬಯೋಮೆಟ್ರಿಕ್ ಗುರುತು, ಮೊಬೈಲ್ ನಿಗಾ, ಕೃತಕ ಬುದ್ಧಿಮತ್ತೆ ಇವೆಲ್ಲ ಕಾಯ್ದೆಯೊಳಗೇ ಬಂದು ಕೂತಿವೆ. ಇದುವರೆಗೆ ಸುತ್ತೋಲೆಯಲ್ಲಿದ್ದ ಫಜೀತಿ ಈಗ ಕಾನೂನಾಗಿದೆ.

ನಾವು ಯಂತ್ರದ ವಿರೋಧಿಗಳಲ್ಲ. ಈ ಬರಹವೂ ಮೊಬೈಲಿನಲ್ಲೇ ಟೈಪ್ ಆಗಿದೆ. ನಾವು ಕೇಳುವುದು ನಾಲ್ಕೇ ಮಾತು.

ಒಂದು, ಆ್ಯಪ್ ಕೈಕೊಟ್ಟ ದಿನ ಕಾಯಕಬಂಧು ಬರೆದ, ಕೂಲಿಕಾರರು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿದ ಹಾಜರಿ ಪುಸ್ತಕವೇ ಅಂತಿಮ ಆಗಬೇಕು. ಒಪ್ಪಿಗೆಗೆ ವಿಜಯಪುರಕ್ಕೆ ಅಲೆಸಬಾರದು, ಪಿಡಿಒ ಮಟ್ಟದಲ್ಲಿ ಅದೇ ದಿನ ಮುಗಿಯಬೇಕು.

ಎರಡು, ಕೆಲಸ ಮಾಡಿಲ್ಲ ಎಂದು ಹೇಳುವ ಕಚೇರಿ ಅದನ್ನು ಸಾಬೀತು ಮಾಡಬೇಕು. ಮಾಡಿದೆ ಎಂದು ಕೂಲಿಕಾರಳು ಸಾಬೀತು ಮಾಡುವುದಲ್ಲ.

ಮೂರು, ಕಳ್ಳತನ ಹಿಡಿಯುವ ಹಳೆಯ ಹತ್ಯಾರ ಕಾಯ್ದೆಯಲ್ಲೇ ಇತ್ತು: ಸಾಮಾಜಿಕ ಲೆಕ್ಕ ಪರಿಶೋಧನೆ. ಯಾರ ಹೆಸರಿಗೆ ಎಷ್ಟು ದಿನ, ಎಷ್ಟು ಹಣ ಎಂದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಊರಲ್ಲಿಲ್ಲದವನ ಹೆಸರು ಬಂದರೆ ಊರೇ ನಗುತ್ತದೆ. ಅಂಥ ಕಣ್ಣು ಯಾವ ಕ್ಯಾಮೆರಾಕ್ಕೂ ಇಲ್ಲ. ಆ ಸಭೆ ನಾಲ್ಕು ಜನರ ಸಹಿಯಲ್ಲಿ ಮುಗಿಯದಂತೆ ನೋಡುವುದು ನಮ್ಮಂಥ ಓದಿದ ಹುಡುಗ ಹುಡುಗಿಯರ ಕೆಲಸ.

ನಾಲ್ಕು, ಯಂತ್ರದ ಕಾರಣಕ್ಕೆ ತಪ್ಪಿದ ಪ್ರತಿ ಹಾಜರಿಯ ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯಬೇಕು.

ಇವು ಹೊಸ ಬೇಡಿಕೆಗಳೂ ಅಲ್ಲ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್‌ನ ತೀರ್ಪು ಆಧಾರ್ ಅನ್ನು ಉಳಿಸಿತು. ಆದರೆ ಗುರುತು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರನ್ನು ಹೊರಗಿಡಬಾರದು ಎಂಬ ಮಾತೂ ಅದರಲ್ಲಿದೆ. ಆ ಮಾತು ಬೆಂಗಳೂರು ದಾಟಿ ತಿಕೋಟಾಕ್ಕೆ ಇನ್ನೂ ಬಂದಿಲ್ಲ.

ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು. ಅದಕ್ಕೇ ಇರಬೇಕು, ಮೇಟ್ ಎಂಬ ಪದಕ್ಕೆ ನಮ್ಮ ರಾಜ್ಯ ‘ಕಾಯಕಬಂಧು’ ಎಂಬ ಚಂದದ ಹೆಸರಿಟ್ಟಿದ್ದು ನಮಗೆ ಹಿಡಿಸಿತ್ತು. ಅಂದು ಏರಿಯ ಮೇಲೆ ಆ ಬಂಧು ಕೆಲಸದ ಅಳತೆ ಹಾಕುತ್ತಿರಲಿಲ್ಲ, ಕುಡಿಯುವ ನೀರು, ನೆರಳಿನ ಚಿಂತೆ ಮಾಡುತ್ತಿರಲಿಲ್ಲ. ಸಿಗ್ನಲ್ ಹುಡುಕುತ್ತಿದ್ದಳು. ಬಿಸಿಲೇರುವ ಮುಂಚೆ ಮುಗಿಸಬೇಕಿದ್ದ ಕೆಲಸ ಬಿಸಿಲೇರಿದ ಮೇಲೆ ಶುರುವಾಯಿತು.

ಮುಂದಿನ ಗ್ರಾಮಸಭೆ ನಿಮ್ಮೂರಲ್ಲಿ ಯಾವಾಗ ಎಂದು ವಿಚಾರಿಸಿ. ಹೋಗಿ ಕೂತು ಒಂದೇ ಪ್ರಶ್ನೆ ಕೇಳಿ: ಈ ವರ್ಷ ನೆಟ್ ಬಾರದ್ದಕ್ಕೆ ಎಷ್ಟು ಜನರ ಕೂಲಿ ಹೋಯಿತು? ನಾವೂ ನಮ್ಮ ನಮ್ಮ ಊರುಗಳಲ್ಲಿ ಕೇಳುತ್ತೇವೆ. ಸಿಕ್ಕ ಉತ್ತರವನ್ನು, ಸಿಗದ ಉತ್ತರವನ್ನೂ ಇಲ್ಲೇ ಬರೆಯುತ್ತೇವೆ.