ಏಳು ಗಂಟೆಯ ಊಟ ಯಾರಿಗೆ?

ಸಂಜೆ ಏಳರೊಳಗೆ ಊಟ ಮುಗಿಸಿದರೆ ಬೊಜ್ಜು ತಾನಾಗಿಯೇ ಕರಗುತ್ತದೆ ಎಂಬ ಉಪದೇಶ ಈಗ ಮುಂಬಯಿಯ ಎಲ್ಲ ದಿಕ್ಕುಗಳಿಂದಲೂ ಕೇಳಿಬರುತ್ತಿದೆ. ಆರೋಗ್ಯ ಶಿಬಿರದ ವೇದಿಕೆಯಲ್ಲಿ ಅದೇ ಮಾತು. ಪತ್ರಿಕೆಗಳ ಪುರವಣಿಯಲ್ಲಿ ಅದೇ ಮಾತು. ಮದುವೆ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರ ಬಾಯಲ್ಲೂ ಅದೇ. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಆಹಾರ ಎಂಬ ಸೂತ್ರಕ್ಕೆ ಮಂತ್ರದ ಮಹಿಮೆ ಬಂದುಬಿಟ್ಟಿದೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೇಳುವುದು ಯಾರಿಗೆ ಎಂಬ ಪ್ರಶ್ನೆಯನ್ನು ನಾವು ಎತ್ತಲೇಬೇಕಾಗಿದೆ.

ಸಂಜೆ ಏಳು ಗಂಟೆಗೆ ನಮ್ಮವರ ಹೊಟೇಲುಗಳಲ್ಲಿ ಕಾವಲಿ ಕಾಯುವ ಹೊತ್ತು. ಮಾಟುಂಗದಿಂದ ಬೊರಿವಲಿಯವರೆಗೆ, ಘಾಟಕೋಪರದಿಂದ ಡೊಂಬಿವಲಿಯವರೆಗೆ ಗಿರಾಕಿಗಳು ಬಾಗಿಲಲ್ಲಿ ನಿಲ್ಲುವುದು ಆಗಲೇ. ಮಾಣಿ ನಸುಕಿನಲ್ಲಿ ಎದ್ದು ಒಂದು ಕಪ್ ಚಹಾ ಕುಡಿದಿದ್ದಾನೆ. ಮಧ್ಯಾಹ್ನದ ಊಟ ಅವನಿಗೆ ಸಿಕ್ಕಿದ್ದು ನಾಲ್ಕರ ಹೊತ್ತಿಗೆ. ಬಾಗಿಲು ಎಳೆದು, ನೆಲ ತೊಳೆದು, ಪಾತ್ರೆ ಕವುಚಿ ಹಾಕಿದ ಮೇಲೆ ಅವನು ತಟ್ಟೆ ಎತ್ತಿಕೊಳ್ಳುವಾಗ ಗಂಟೆ ಒಂದು. ಉಂಡ ಕೈ ಒಣಗುವ ಮೊದಲೇ ನಿದ್ದೆ. ಇವನಿಗೆ "ಏಳರೊಳಗೆ ಉಣ್ಣು" ಎಂದು ಬೋಧಿಸುವುದು, ಬರಿಗಾಲಿನವನಿಗೆ ಪಾದರಕ್ಷೆಗೆ ಪಾಲಿಶ್ ಹಾಕು ಎಂದಂತೆ.

ಅವನೊಬ್ಬನೇ ಅಲ್ಲ. ಬೆಸ್ಟ್ ಬಸ್ಸಿನ ಚಾಲಕರು, ಆಸ್ಪತ್ರೆಯ ದಾದಿಯರು, ಕಟ್ಟಡಗಳ ಕಾವಲುಗಾರರು, ಮಾಲಾಡಿನಲ್ಲಿ ಕುಳಿತು ಅಮೆರಿಕದ ಹಗಲಿಗೆ ಉತ್ತರ ಕೊಡುವ ನಮ್ಮ ಪದವೀಧರ ಮಕ್ಕಳು, ಎಲ್ಲರೂ ಗಡಿಯಾರವನ್ನು ತಲೆಕೆಳಗು ಮಾಡಿಕೊಂಡು ದುಡಿಯುವವರೇ.

ಇನ್ನು ಶಾಸ್ತ್ರ ಏನು ಹೇಳುತ್ತದೆಂದು ನೋಡೋಣ. ದೇಹಕ್ಕೆ ತನ್ನದೇ ಆದ ಗಡಿಯಾರವಿದೆ ಎಂಬುದು ಸುಳ್ಳಲ್ಲ. ಅದರ ಒಳಗುಟ್ಟನ್ನು ಬಿಡಿಸಿದ ಹಾಲ್, ರಾಸ್ಬ್ಯಾಶ್, ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ರಾತ್ರಿ ದೇಹವು ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸಲಾರದು. ಅದೇ ಅನ್ನ ಮಧ್ಯರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ. ಇಷ್ಟು ನಿಜ.

ಆದರೆ ಗಡಿಯಾರದ ಮುಳ್ಳು ಮಾತ್ರವೇ ಬೊಜ್ಜು ಇಳಿಸುತ್ತದೆ ಎಂಬುದು ನಿಜವಲ್ಲ. ಚೀನದ ಗುವಾಂಗ್ಝೌ ನಗರದಲ್ಲಿ 139 ಮಂದಿ ಸ್ಥೂಲದೇಹಿಗಳನ್ನು ಒಂದು ವರ್ಷ ಪರೀಕ್ಷಿಸಿ, ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. ಎರಡು ತಂಡಕ್ಕೂ ಕಡಿಮೆ ಕ್ಯಾಲೊರಿಯ ಒಂದೇ ಬಗೆಯ ಪಥ್ಯ. ಒಂದು ತಂಡ ಮಾತ್ರ ಎಂಟು ಗಂಟೆಯೊಳಗೆ ಉಣ್ಣಬೇಕು. ತೂಕ ಇಬ್ಬರದೂ ಇಳಿಯಿತು. ಗಮನಾರ್ಹ ವ್ಯತ್ಯಾಸ ಮಾತ್ರ ಕಾಣಲಿಲ್ಲ. ಎಂದರೆ, ಮೊದಲ ಲೆಕ್ಕ ತಟ್ಟೆಯದು, ಗಡಿಯಾರದ್ದು ಆಮೇಲೆ.

ತಟ್ಟೆಗಿಂತಲೂ ಮೊದಲು ಚಹಾದ ಲೋಟದ ಲೆಕ್ಕ ಹಾಕಬೇಕು. ನಿದ್ದೆ ತಡೆಯಲು ರಾತ್ರಿಪಾಳಿಯವನು ಹತ್ತು ಕಪ್ ಚಹಾ ಕುಡಿದರೆ, ಕಪ್ಪಿಗೆ ಎರಡು ಚಮಚದಂತೆ ಇಪ್ಪತ್ತು ಚಮಚ ಸಕ್ಕರೆ ಒಳಗೆ ಹೋಯಿತು. ಚಮಚಕ್ಕೆ 4 ಗ್ರಾಮಿನಂತೆ 80 ಗ್ರಾಮು. ಅದರಿಂದಲೇ 320 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವನು ಹೆಚ್ಚೆಂದರೆ 50 ಗ್ರಾಮು ಸಕ್ಕರೆಗೆ ನಿಲ್ಲಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಸಾರ. ಇದರ ಮೇಲೆ ಮಿಕ್ಕ ವಡೆ, ತಣ್ಣಗಾದ ಬೋಂಡ. ಹೊಟ್ಟೆ ಬಂದದ್ದು ಸುಖದಿಂದ ಎಂದು ನಗುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಲಿ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ ಎಂದು ವೈದ್ಯರು ಹೇಳುತ್ತಾರೆ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವನೂ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾನೆ.

ಹಾಗಾದರೆ ಪಾಳಿಯವರು ಕೈಕಟ್ಟಿ ಕೂರಬೇಕೇ? ಬೇಡ. ಅಮೆರಿಕದ ಸಾನ್ ಡಿಯಾಗೋದಲ್ಲಿ 24 ಗಂಟೆಗಳ ಪಾಳಿ ಮಾಡುವ 137 ಮಂದಿ ಅಗ್ನಿಶಾಮಕ ಸಿಬ್ಬಂದಿಯ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಅದರ ಮುಂದಾಳುಗಳಲ್ಲಿ ನಮ್ಮ ಒಡಿಶಾ ಮೂಲದ ಸಚ್ಚಿದಾನಂದ ಪಾಂಡಾ ಒಬ್ಬರು. ಅವರು ಏಳು ಗಂಟೆಯ ಹಟ ಹಿಡಿಯಲಿಲ್ಲ. ದಿನದ ಆಹಾರವನ್ನು ಹತ್ತು ಗಂಟೆಗಳ ಅವಧಿಯೊಳಗೆ ಇಟ್ಟುಕೊಳ್ಳಿರೆಂದರು. ಪಾಳಿಯವರಿಗೂ ಅದು ಸಾಧ್ಯವಾಯಿತು. ನಮ್ಮವರೂ ಇದರಿಂದ ಕಲಿಯಬಹುದು: ದೊಡ್ಡ ಊಟ ಕೆಲಸಕ್ಕೆ ಹೋಗುವ ಮುನ್ನ; ಮಧ್ಯರಾತ್ರಿಯ ನಂತರ ಹಗುರವಾದದ್ದು, ಮಜ್ಜಿಗೆಯೋ ಹೆಸರುಕಾಳೋ ಹಣ್ಣೋ; ಚಹಾಕ್ಕೆ ಸಕ್ಕರೆ ಕಡಿಮೆ; ರಜೆಯ ದಿನವೂ ಹೊತ್ತು ತೀರಾ ಬದಲಾಗದಿರಲಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಬಾರದು. ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ ಬಂದೀತು.

ಆದರೆ ಕೆಲಸದ ಮುನ್ನ ಉಣ್ಣು ಎಂದರೆ ಉಣ್ಣಲು ಬಿಡುವವರೂ ಇರಬೇಕಲ್ಲವೇ? ಇಲ್ಲಿಯೇ ನಮ್ಮ ನಿಜವಾದ ತಕರಾರು. ಕೆಲಸಗಾರನ ಊಟದ ಹೊತ್ತನ್ನು ನಿರ್ಣಯಿಸುವವನು ಕೆಲಸಗಾರನಲ್ಲ, ಧಣಿ. "ನಾವು ಊಟ ಪುಕ್ಕಟೆ ಕೊಡುತ್ತೇವಲ್ಲ" ಎನ್ನುತ್ತಾರೆ. ಕೊಡುತ್ತೀರಿ, ಸಂತೋಷ. ಹಸಿದಾಗ ಕೊಡಿರೆಂದು ನಮ್ಮ ಪ್ರಾರ್ಥನೆ. "ಗಿರಾಕಿ ಇರುವಾಗ ಹುಡುಗರನ್ನು ಊಟಕ್ಕೆ ಬಿಡಲಾದೀತೇ?" ಎನ್ನುತ್ತಾರೆ. ಗಿರಾಕಿ ಇರುವಾಗ ಬೇಡ. ಸಂಜೆಯ ಚಹಾದ ಗದ್ದಲ ಇಳಿದು ರಾತ್ರಿಯ ಊಟದ ಗದ್ದಲ ಏರುವ ಮುನ್ನ ಒಂದು ಗಳಿಗೆ ಸಡಿಲವಿದ್ದೇ ಇರುತ್ತದೆ. ಎರಡು ತಂಡ ಮಾಡಿ, ತಲೆಗೆ ಅರ್ಧ ಗಂಟೆ ಕೊಡಿ. ಹಾಲ್ ಮುಳುಗುವುದಿಲ್ಲ.

ಇದು ಈ ನಗರಕ್ಕೆ ಹೊಸತೂ ಅಲ್ಲ. ಗಿರಣಿಗಳು ಮೂರು ಪಾಳಿಯಲ್ಲಿ ಓಡುತ್ತಿದ್ದ ಕಾಲದಲ್ಲಿ ಗಿರಣಗಾಂವಿನ ಖಾನಾವಳಿಯ ಹೆಂಗಸರು ಪಾಳಿ ನೋಡಿ ಒಲೆ ಹಚ್ಚುತ್ತಿದ್ದರು. ಅಂಥ ಹೆಂಗಸರನ್ನು ಕೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಆಫೀಸಿನ ಗುಮಾಸ್ತನಿಗೆ ಒಂದು ಗಂಟೆಯೊಳಗೆ ಬಿಸಿ ಡಬ್ಬಿ ಮುಟ್ಟಿಸುವ ಡಬ್ಬಾವಾಲಾಗಳ ವ್ಯವಸ್ಥೆಯಂತೂ 1890ರಿಂದ ಬಂದದ್ದು. ಬಡ ಖಾನಾವಳಿಯ ಹೆಂಗಸು ಒಂದು ಒಲೆಯಲ್ಲಿ ಮಾಡಿದ್ದನ್ನು, ಹತ್ತು ಒಲೆಗಳ ಹೊಟೇಲಿನವರು ಮಾಡಲಾರೆವು ಎಂದರೆ ನಾವು ನಂಬಲಾರೆವು. ಊರಿಗೆಲ್ಲ ಅನ್ನ ಬಡಿಸುವ ಕೈ ತಾನು ಮಾತ್ರ ಕೊನೆಗೆ ಉಣ್ಣಬೇಕೆಂಬ ಕಟ್ಟಳೆಯನ್ನು ಯಾವ ಶಾಸ್ತ್ರವೂ ಬರೆದಿಲ್ಲ.

ಇಂದು ಗಲ್ಲಾದ ಮೇಲೆ ಕುಳಿತಿರುವ ಹಿರಿಯರಲ್ಲಿ ಅನೇಕರು ಒಂದು ಕಾಲಕ್ಕೆ ಕಪ್ಪು ಬಸಿ ತೊಳೆದವರು. ದುಡಿಮೆ ಮುಗಿಸಿ ನಮ್ಮ ಸಂಸ್ಥೆಗಳ ರಾತ್ರಿಶಾಲೆಗಳಲ್ಲಿ ಹಸಿದ ಹೊಟ್ಟೆಯಿಂದ ಅಕ್ಷರ ಕಲಿತವರು. "ನಾವು ಹಾಗೆಯೇ ಬೆಳೆದೆವು" ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಅವರದೇ ಇರಲಿ. ಹಸಿವನ್ನು ಮುಂದಿನವರಿಗೆ ಆಸ್ತಿಯಾಗಿ ಬಿಟ್ಟುಹೋಗುವುದು ಬೇಡ.

ಆರೋಗ್ಯ ಶಿಬಿರ ನಡೆಸುವ ಸಂಘ-ಸಂಸ್ಥೆಗಳಲ್ಲಿಯೂ ನಮ್ಮದೊಂದು ವಿನಂತಿ. ಶಿಬಿರವನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಬರುವವರು ಏಳಕ್ಕೆ ಉಣ್ಣಬಲ್ಲವರೇ. ಒಂದು ಶಿಬಿರವನ್ನು ಮಧ್ಯಾಹ್ನ ನಾಲ್ಕಕ್ಕೆ, ಹೊಟೇಲಿನ ಮೇಜುಗಳ ನಡುವೆಯೇ ಇಡಲಿ. ಸೊಂಟ ಅಳೆಯುವ ಟೇಪು ಅಲ್ಲಿಗೆ ಹೋಗಲಿ, ಸಕ್ಕರೆ ಪರೀಕ್ಷೆ ಅಲ್ಲಿಗೆ ಹೋಗಲಿ. ಉಪದೇಶ ಕೊಡುವ ಮೊದಲು ಮಾಣಿಯನ್ನು ಒಂದು ಮಾತು ಕೇಳಲಿ: ನಿನ್ನೆ ನೀನು ಉಂಡದ್ದು ಎಷ್ಟು ಗಂಟೆಗೆ? ಉತ್ತರ ಕೇಳಿದ ಮೇಲೆ ಗುಳಿಗೆಯ ಚೀಟಿಯನ್ನು ಅವನಿಗೂ, ಸಲಹೆಯ ಚೀಟಿಯನ್ನು ಅವನ ಧಣಿಗೂ ಬರೆದುಕೊಡಲಿ.