ಎಚ್ಚರಿಕೆ ಅದರದು, ಲೆಕ್ಕ ನಮ್ಮದು

ಕುದಾಪುರದ ಸುತ್ತ ಎಲ್ಲೂ ಸಮುದ್ರವಿಲ್ಲ. ಬೋರ್‌ವೆಲ್‌ನಲ್ಲಿ ಎರಡಿಂಚು ನೀರು ಬಿದ್ದರೆ ಇಲ್ಲಿ ಅದೇ ದೊಡ್ಡ ಸುದ್ದಿ. ಅಂಥ ಊರಲ್ಲಿ ಕೂತು ಕಳೆದ ರಜೆಯಲ್ಲಿ ನಾನು ಹತ್ತಾರು ಸಲ ಸಮುದ್ರದಲ್ಲಿ ಮುಳುಗಿ ಸತ್ತೆ! ಭಾಯಿಯ ಕಂಪ್ಯೂಟರ್‌ನಲ್ಲಿದ್ದ 'ಸಬ್‌ನಾಟಿಕಾ' ಎಂಬ ಆಟದಲ್ಲಿ. ಆಟ ಆಡುವುದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಅದರೊಳಗಿನ ಒಬ್ಬ ಸಹಾಯಕನಿಂದ ನಾನು ಕಲಿತದ್ದನ್ನು ಮಾತ್ರ ಹೇಳುತ್ತೇನೆ.

2018ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ಈ ಆಟದಲ್ಲಿ ಬಾಹ್ಯಾಕಾಶ ನೌಕೆಯೊಂದು ನೀರೇ ತುಂಬಿದ ಗ್ರಹದ ಮೇಲೆ ಬೀಳುತ್ತದೆ. ಬದುಕುಳಿದ ನಮ್ಮ ಕೈಯಲ್ಲಿ 'ಪಿಡಿಎ' ಎಂಬ ಮಾತಾಡುವ ಯಂತ್ರವಿರುತ್ತದೆ. ನಮ್ಮನ್ನು ಬದುಕಿಸುವುದೇ ಅದರ ಕೆಲಸ. ಮೊದಲಿಗೆ ನಮ್ಮಲ್ಲಿರುವುದು 45 ಸೆಕೆಂಡಿನ ಉಸಿರು. 30 ಸೆಕೆಂಡು ಉಳಿದಾಗ ಅದು ಎಚ್ಚರಿಸುತ್ತದೆ. 100 ಮೀಟರ್ ದಾಟಿದರೆ ಆಮ್ಲಜನಕ ಬೇಗ ಖರ್ಚಾಗುತ್ತದೆ ಎಂದೂ ಹೇಳುತ್ತದೆ. ಆದರೆ ಮೇಲೆ ಬರಲು ಎಷ್ಟು ಹೊತ್ತು ಬೇಕು ಎಂದು ಹೇಳುವುದಿಲ್ಲ. ಆ ಲೆಕ್ಕ ನಾವೇ ಹಾಕಬೇಕು. ಆಟದಲ್ಲಿ ನಕ್ಷೆಯೂ ಇಲ್ಲ. ಗುರುತಿನ ದೀಪಗಳನ್ನು ನಾವೇ ಮಾಡಿ ಇಟ್ಟುಕೊಳ್ಳಬೇಕು.

ಮೊದಮೊದಲು ನನಗೆ ಸಿಟ್ಟು ಬಂತು. ದಾರಿ ತೋರಿಸದ ಸಹಾಯಕ ಯಾಕೆ ಎಂದು ಯಾರೋ ಆಡಿದ ವಿಡಿಯೋ ನೋಡಿ, ಅವರು ಹೋದಲ್ಲೆಲ್ಲ ಹೋದೆ. ಎರಡು ದಿನ ಸಾಯಲಿಲ್ಲ. ಮೂರನೇ ದಿನ ವಿಡಿಯೋ ಇಲ್ಲದೆ ಇಳಿದಾಗ ಗುಹೆಯಿಂದ ಹೊರಗೆ ಬರುವ ದಾರಿಯೇ ತಿಳಿಯಲಿಲ್ಲ.

ರಜೆ ಮುಗಿದ ಮೇಲೆ ಇದೇ ಕಥೆ ಅಕೌಂಟೆನ್ಸಿಯಲ್ಲಿ ನಡೆಯಿತು. ಹೊಸ ಪಾಲುದಾರ ಸೇರುವ ಲೆಕ್ಕವನ್ನು ಮೊಬೈಲಿನ ಎಐಗೆ ಕೊಟ್ಟೆ. ಅದು ಕೊಟ್ಟ ಉತ್ತರವನ್ನು ಅಂದವಾಗಿ ಬರೆದುಕೊಂಡೆ. ಮನೆಯಲ್ಲಿ ಬ್ಯಾಲೆನ್ಸ್ ಶೀಟ್ ಪ್ರತಿ ಸಲವೂ ತಾಳೆಯಾಯಿತು. ಟೆಸ್ಟ್‌ನಲ್ಲಿ ಆಗಲಿಲ್ಲ. ಗುಡ್‌ವಿಲ್ಅನ್ನು ಯಾರ ಖಾತೆಗೆ ಹಾಕಬೇಕೆಂದೇ ಗೊತ್ತಾಗದೆ ಕೂತೆ.

ನಮ್ಮ ಕಡೆ ಬೋರ್ ಕೊರೆಸುವ ಮುಂಚೆ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರನ್ನು ಕರೆಸುವುದನ್ನು ನೀವೂ ನೋಡಿದ್ದೀರಿ. ಅವರು ಜಾಗ ತೋರಿಸಿ ಹೋಗುತ್ತಾರೆ. ನೀರು ಬರದಿದ್ದರೆ ಸಾಲ ಉಳಿಯುವುದು ರೈತನ ಹೆಸರಿನಲ್ಲೇ. ಸಬ್‌ನಾಟಿಕಾದ ಕೊನೆಯೂ ಹಾಗೆಯೇ (ಆಡದವರು ಕ್ಷಮಿಸಿ, ಕೊನೆ ಹೇಳಿಬಿಡುತ್ತಿದ್ದೇನೆ). ಕಷ್ಟಪಟ್ಟು ರಾಕೆಟ್ ಕಟ್ಟಿ ಹೊರಟಾಗ ಪಿಡಿಎ ಹೇಳುತ್ತದೆ: ನೀವು ಕಂಪನಿಗೆ ಒಂದು ಟ್ರಿಲಿಯನ್ ಕ್ರೆಡಿಟ್ ಬಾಕಿ, ತೀರಿಸುವವರೆಗೆ ಇಳಿಯುವಂತಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ! ಅಷ್ಟು ದಿನ ನಮ್ಮನ್ನು ಕಾಪಾಡಿದ ಯಂತ್ರ ಕಂಪನಿಯದು. ಬಾಕಿ ಮಾತ್ರ ನಮ್ಮ ಹೆಸರಿನಲ್ಲಿ.

ಹಾಗಂತ ಸಹಾಯವೇ ಬೇಡ ಎನ್ನುತ್ತಿಲ್ಲ. ಎಚ್ಚರಿಕೆ ಕೇಳದೆ ಹೋದಾಗಲೂ ನಾನು ಸತ್ತಿದ್ದೇನೆ. ನಾನು ಹೇಳುವುದು ಇಷ್ಟೇ: ಸಹಾಯಕನನ್ನು ಕೇಳುವ ಪ್ರಶ್ನೆ ಬದಲಾಗಬೇಕು. ಈಗ ನಾನು ಲೆಕ್ಕವನ್ನು ಮೊದಲು ನಾನೇ ಮಾಡುತ್ತೇನೆ, ಆಮೇಲೆ 'ಎಲ್ಲಿ ತಪ್ಪಿದ್ದೇನೆ, ಅಷ್ಟು ಮಾತ್ರ ಹೇಳು' ಎಂದು ಕೇಳುತ್ತೇನೆ. ನಮ್ಮ ಸರ್ ಕೂಡ ಹಾಗೇ ಅಲ್ಲವೇ? ನೋಟ್‌ಬುಕ್ ಮೇಲೆ ಕೆಂಪು ಗೆರೆ ಎಳೆದು 'ಇದನ್ನು ಇನ್ನೊಮ್ಮೆ ನೋಡು' ಎನ್ನುತ್ತಾರೆ, ಉತ್ತರ ಬರೆದುಕೊಡುವುದಿಲ್ಲ. ಅದು ಅವರ ಸೋಮಾರಿತನ ಎಂದು ಮೊದಲು ಅಂದುಕೊಂಡಿದ್ದೆ. ಮಾಫ್ ಕರೋ, ಸರ್!

ಈಗಲೂ ಕೆಲವೊಮ್ಮೆ ನನ್ನ ಲೆಕ್ಕ ತಾಳೆಯಾಗುವುದಿಲ್ಲ. ಆದರೆ ತಪ್ಪು ಎಲ್ಲಿದೆ ಎಂದು ಹುಡುಕಲು ಬರುತ್ತದೆ. ಮಾರ್ಚ್ ತಿಂಗಳಲ್ಲಿ ಪರೀಕ್ಷಾ ಕೊಠಡಿಗೆ ಮೊಬೈಲ್ ಬರುವುದಿಲ್ಲ. ಹಾಲ್ ಟಿಕೆಟ್ ಮೇಲೆ ಇರುವುದೂ ನಮ್ಮದೇ ಹೆಸರು.